ಎಲೆಕ್ಟ್ರಿಕ್ ಕಾರು ಪಕ್ಕದ ಗಾಡಿಯ ರೇಡಿಯೊ ಕೆಡಿಸುತ್ತಾ? ಕರಕರ ಸದ್ದಿನ ಹಿಂದಿರುವ ವಿಜ್ಞಾನ, ದುಡ್ಡು ಮತ್ತು ರಾಜಕೀಯ

ಎಲೆಕ್ಟ್ರಿಕ್ ವಾಹನಗಳ ಬಗ್ಗೆ ಓಡಾಡುವ ಮಾತುಗಳಿಗೆ ಲೆಕ್ಕವಿಲ್ಲ. ಬ್ಯಾಟರಿ ಸಿಡಿಯುತ್ತೆ, ಮಳೆಗೆ ಶಾಕ್ ಹೊಡೆಯುತ್ತೆ, ಐದು ವರ್ಷಕ್ಕೆ ಗುಜರಿ. ಈ ಸಾಲಿಗೆ ಇನ್ನೊಂದು ಸೇರಿದೆ: ‘ಎಲೆಕ್ಟ್ರಿಕ್ ಕಾರು ಪಕ್ಕಕ್ಕೆ ಬಂದರೆ ನಮ್ಮ ಗಾಡಿಯ ರೇಡಿಯೊ ಕರಕರ ಅನ್ನುತ್ತೆ, ರಿಮೋಟ್ ಕೀ ಕೆಲಸ ಮಾಡಲ್ಲ, ಸೆನ್ಸರ್‌ಗಳು ದಾರಿ ತಪ್ಪುತ್ತವೆ.’ ಇದು ನಿಜಾನಾ ಅಂತ ನನ್ನನ್ನು ಕೇಳಿದವರಲ್ಲಿ ಎರಡು ಬಣದವರೂ ಇದ್ದಾರೆ. ಒಬ್ಬರಿಗೆ ಎಲೆಕ್ಟ್ರಿಕ್ ಗಾಡಿಯೇ ಒಂದು ಮೋಸ. ಇನ್ನೊಬ್ಬರಿಗೆ ಅದರ ಬಗ್ಗೆ ಯಾರು ಏನೇ ಅಂದರೂ ಅದು ಪೆಟ್ರೋಲ್ ಕಂಪನಿಗಳ ಪಿತೂರಿ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ. ಎಲೆಕ್ಟ್ರಿಕ್ ಕಾರು ರೇಡಿಯೊ ಗದ್ದಲ ಹುಟ್ಟಿಸುವುದು ನಿಜ. ಅದರ ಪೆಟ್ಟು ಬೀಳುವುದು ಹೆಚ್ಚಾಗಿ ಆ ಕಾರಿನೊಳಗಿನ ಎಎಂ ರೇಡಿಯೊ ಮೇಲೆ, ಅಂದರೆ ನಮ್ಮ ಆಕಾಶವಾಣಿಯ ಮೀಡಿಯಂ ವೇವ್ ಮೇಲೆ. ಪಕ್ಕದ ಗಾಡಿಗೆ ತಟ್ಟುವುದು ಅಪರೂಪಕ್ಕೆ, ಅದೂ ಒಂದೆರಡು ಮೀಟರ್ ಅಂತರದಲ್ಲಿದ್ದಾಗ. ಎಫ್‌ಎಂ, ಬ್ಲೂಟೂತ್, ರಿಮೋಟ್ ಕೀ, ಫಾಸ್ಟ್ಯಾಗ್ ಇವಕ್ಕೆ ತೊಂದರೆ ಇಲ್ಲ ಅಂತಲೇ ಹೇಳಬಹುದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಮುಖ್ಯ ವಿಷಯ ತಪ್ಪಿಹೋಗುತ್ತೆ. ಈ ಗದ್ದಲವನ್ನು ತಡೆಯುವ ವಿದ್ಯೆ ಎಲ್ಲರಿಗೂ ಗೊತ್ತಿದೆ. ತಡೆಯುವ ಖರ್ಚು ಯಾರದು ಅನ್ನುವುದು ಮಾತ್ರ ತೀರ್ಮಾನವಾಗಿಲ್ಲ. ಅದು ರಾಜಕೀಯದ ಪ್ರಶ್ನೆ.

ಗದ್ದಲ ಹುಟ್ಟುವುದು ಎಲ್ಲಿ?

ಮನೆಯಲ್ಲಿ ರೇಡಿಯೊ ಕೇಳಿದವರಿಗೆ ಇದು ಗೊತ್ತು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ ತಕ್ಷಣ ವಾರ್ತೆ ಮಾಯ, ಬರೀ ಕರ್ರ್ ಸದ್ದು. ಟ್ಯೂಬ್‌ಲೈಟ್ ಸ್ವಿಚ್ ಹಾಕಿದರೆ ಒಂದು ಚಟಕ್. ದೂರದಲ್ಲಿ ಮಿಂಚಿದರೂ ರೇಡಿಯೊಗೆ ಮೊದಲು ಸುದ್ದಿ. ಮೂರಕ್ಕೂ ಕಾರಣ ಒಂದೇ: ವಿದ್ಯುತ್ ಪ್ರವಾಹ ತಟ್ಟನೆ ಬದಲಾದಾಗಲೆಲ್ಲ ಸುತ್ತ ರೇಡಿಯೊ ಅಲೆ ಚಿಮ್ಮುತ್ತೆ.

ಎಲೆಕ್ಟ್ರಿಕ್ ಕಾರಿನಲ್ಲಿ ಈ ತಟ್ಟನೆ ಬದಲಾವಣೆ ಮಾಡುವುದೇ ಇನ್ವರ್ಟರಿನ ಕಸುಬು. ಬ್ಯಾಟರಿ ಕೊಡುವುದು ಡಿಸಿ, ಹೆಚ್ಚಿನ ಮೋಟಾರುಗಳಿಗೆ ಬೇಕಾದದ್ದು ಎಸಿ. ನಡುವಿನ ಇನ್ವರ್ಟರ್ 400 ವೋಲ್ಟ್, ಕೆಲವು ಕಾರುಗಳಲ್ಲಿ 800 ವೋಲ್ಟ್ ಒತ್ತಡದ ಕರೆಂಟನ್ನು ಸೆಕೆಂಡಿಗೆ ಸುಮಾರು ಹತ್ತು ಸಾವಿರ ಸಲ ಆನ್-ಆಫ್ ಮಾಡುತ್ತೆ. ಆಕ್ಸಿಲರೇಟರ್ ಒತ್ತಿದಾಗ ಆ ತಂತಿಗಳಲ್ಲಿ ಹರಿಯುವುದು ನೂರಾರು ಆಂಪಿಯರ್.

ಸೆಕೆಂಡಿಗೆ ಹತ್ತು ಸಾವಿರ ಅಂದರೆ 10 ಕಿಲೋಹರ್ಟ್ಸ್. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್. ಇಷ್ಟು ದೂರದ ಎರಡಕ್ಕೆ ಜಗಳ ಯಾಕೆ? ಯಾಕಂದರೆ ಆನ್-ಆಫ್ ಮಾಡುವ ಕರೆಂಟು ತನ್ನ ಮೂಲ ಕಂಪನದಲ್ಲಿ ಮಾತ್ರ ಇರುವುದಿಲ್ಲ, ಅದರ ಗುಣಕಗಳಲ್ಲೂ ಇರುತ್ತೆ. 10, 20, 30 ಅಂತ ಶುರುವಾಗಿ 610, 620 ದಾಟಿ ಮೇಲಕ್ಕೆ ಹೋಗುತ್ತೆ. ಮೇಲೆ ಹೋದಂತೆ ಬಲ ಕುಗ್ಗುತ್ತೆ. ಆದರೆ ಶುರುವಿನಲ್ಲಿ ನೂರಾರು ವೋಲ್ಟ್ ಇದ್ದಾಗ ಕುಗ್ಗಿ ಉಳಿದದ್ದೂ ರೇಡಿಯೊ ಪಾಲಿಗೆ ಕಡಿಮೆ ಏನಲ್ಲ. ಆಂಟೆನಾಕ್ಕೆ ಬರುವ ಸಿಗ್ನಲ್ ಎಷ್ಟೋ ಸಲ ವೋಲ್ಟಿನ ಲಕ್ಷದಲ್ಲೊಂದು ಪಾಲಿನಷ್ಟು ಸಣ್ಣದು.

ಇಲ್ಲಿ ಇನ್ನೊಂದು ತಿರುವು ಇದೆ. ಸ್ವಿಚ್ ಎಷ್ಟು ಚುರುಕಾಗಿ ಆನ್-ಆಫ್ ಆಗುತ್ತೋ ಅಷ್ಟು ಕಡಿಮೆ ವಿದ್ಯುತ್ ಬಿಸಿಯಾಗಿ ವ್ಯರ್ಥವಾಗುತ್ತೆ. ಅದಕ್ಕೇ ಹೊಸ ಕಾರುಗಳಲ್ಲಿ ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳು ಬಂದಿವೆ. ಒಂದೇ ಚಾರ್ಜಿನಲ್ಲಿ ಹೆಚ್ಚು ಕಿಲೋಮೀಟರ್ ಸಿಗುತ್ತೆ. ಆದರೆ ಸ್ವಿಚ್ ಚುರುಕಾದಷ್ಟೂ ಗದ್ದಲ ಇನ್ನೂ ಮೇಲಿನ ಕಂಪನಗಳವರೆಗೆ ಹಬ್ಬುತ್ತೆ. ಮೈಲೇಜ್ ಹೆಚ್ಚಿಸುವ ಗುಣವೇ ಗದ್ದಲವನ್ನೂ ಹೆಚ್ಚಿಸುತ್ತೆ.

ಎಎಂಗೆ ಪೆಟ್ಟು, ಎಫ್‌ಎಂಗೆ ಯಾಕಿಲ್ಲ?

ಎಎಂನಲ್ಲಿ ಮಾತು, ಹಾಡು ಎಲ್ಲ ಅಲೆಯ ಎತ್ತರದಲ್ಲಿ ಅಡಗಿರುತ್ತೆ. ಗದ್ದಲ ಕೂಡ ಅಲೆಯ ಎತ್ತರವನ್ನೇ ಕೆಡಿಸುತ್ತೆ. ಯಾವುದು ವಾರ್ತೆ, ಯಾವುದು ಇನ್ವರ್ಟರ್ ಅಂತ ರೇಡಿಯೊಗೆ ಗೊತ್ತಾಗಲ್ಲ. ಎರಡನ್ನೂ ಸ್ಪೀಕರಿಗೆ ದಾಟಿಸಿಬಿಡುತ್ತೆ.

ಎಫ್‌ಎಂನಲ್ಲಿ ಮಾತು ಅಡಗಿರುವುದು ಅಲೆಯ ಕಂಪನದ ಏರಿಳಿತದಲ್ಲಿ. ಎತ್ತರ ಹೆಚ್ಚುಕಮ್ಮಿ ಆದರೆ ರಿಸೀವರ್ ಅದನ್ನು ಸವರಿ ಸಮ ಮಾಡಿಬಿಡುತ್ತೆ. ಜೊತೆಗೆ ಎಫ್‌ಎಂ ಇರುವುದು 88ರಿಂದ 108 ಮೆಗಾಹರ್ಟ್ಸ್‌ನಲ್ಲಿ. ಅಷ್ಟು ಎತ್ತರಕ್ಕೆ ಏರುವಷ್ಟರಲ್ಲಿ ಇನ್ವರ್ಟರಿನ ಗದ್ದಲಕ್ಕೆ ಉಸಿರೇ ಇರಲ್ಲ. ರಿಮೋಟ್ ಕೀ ಬಳಸುವುದು ಹೆಚ್ಚಾಗಿ 433 ಮೆಗಾಹರ್ಟ್ಸ್, ಫಾಸ್ಟ್ಯಾಗ್ 865ರಿಂದ 867 ಮೆಗಾಹರ್ಟ್ಸ್, ಬ್ಲೂಟೂತ್ 2.4 ಗಿಗಾಹರ್ಟ್ಸ್. ಇವೆಲ್ಲ ಇನ್ನೂ ದೂರದ ಊರುಗಳು.

ಹಾಗಾದರೆ ‘ನನ್ನ ಕಾರಿನಲ್ಲಿ ಎಫ್‌ಎಂ ಕೂಡ ಕರಕರ ಅನ್ನುತ್ತಲ್ಲ’ ಅನ್ನುವವರಿಗೆ ಒಂದು ಮಾತು. ಪಕ್ಕದ ಟಾಟಾ, ಎಂಜಿ ಕಾರನ್ನು ದೂರುವ ಮೊದಲು ನಿಮ್ಮ ಗಾಡಿಯೊಳಗೆ ನೋಡಿ. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸಿದ ಅಗ್ಗದ ಮೊಬೈಲ್ ಚಾರ್ಜರ್, ಆಮೇಲೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್, ಡ್ಯಾಶ್‌ಕ್ಯಾಮ್ ಇವುಗಳ ಒಳಗೂ ಪುಟ್ಟ ಆನ್-ಆಫ್ ಸರ್ಕ್ಯೂಟ್ ಇರುತ್ತೆ. ಅದು ಆಂಟೆನಾಕ್ಕೆ ತೀರ ಹತ್ತಿರ, ಅಗ್ಗದ್ದಾದರೆ ಫಿಲ್ಟರ್ ಇರುವುದೂ ಅನುಮಾನ. ಒಂದೊಂದಾಗಿ ಕಿತ್ತು ನೋಡಿದರೆ ಕಳ್ಳ ಸಿಗ್ತಾನೆ.

ಪಕ್ಕದ ಗಾಡಿಯವರೆಗೆ ತಲುಪುತ್ತಾ?

ಇಲ್ಲಿ ದೂರದ ಲೆಕ್ಕ ಮುಖ್ಯ. ಇನ್ವರ್ಟರ್, ಮೋಟಾರು ಮತ್ತು ತಂತಿಗಳ ಸುತ್ತ ಇರುವ ಕಾಂತಕ್ಷೇತ್ರ ದೂರ ಹೋದಂತೆ ಬಲು ಬೇಗ ಕುಗ್ಗುತ್ತೆ. ಹತ್ತಿರದ ದೂರಗಳಲ್ಲಿ ಅದು ದೂರದ ಘನಕ್ಕೆ ತಕ್ಕಂತೆ ಇಳಿಯುತ್ತೆ ಅನ್ನುವುದು ಸರಳ ಅಂದಾಜು. ಒಂದು ಮೀಟರಿನಲ್ಲಿ ಇದ್ದ ಬಲ ಮೂರು ಮೀಟರಿಗೆ 27ರಲ್ಲಿ ಒಂದು ಪಾಲು, ಹತ್ತು ಮೀಟರಿಗೆ ಸಾವಿರದಲ್ಲಿ ಒಂದು ಪಾಲು.

ಅಂದರೆ, ಕಾರಿನ ಸ್ವಂತ ಆಂಟೆನಾ ಆ ತಂತಿಗಳಿಂದ ಒಂದೆರಡು ಮೀಟರ್ ದೂರದಲ್ಲಿದೆ, ಅದಕ್ಕೆ ಪೂರ್ತಿ ಪೆಟ್ಟು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕನ್ನಡಿಗೆ ಕನ್ನಡಿ ತಾಗಿಸಿಕೊಂಡು ನಿಂತ ಎರಡು ಕಾರುಗಳಲ್ಲಿ, ಒಂದರಲ್ಲಿ ದೂರದ ಮೀಡಿಯಂ ವೇವ್ ಸ್ಟೇಷನ್ ಹಾಕಿಕೊಂಡಿದ್ದು, ಇನ್ನೊಂದರ ತಂತಿಗಳಿಗೆ ಕವಚ ಸರಿ ಇಲ್ಲದಿದ್ದರೆ, ಅದು ಹೊರಟ ಕ್ಷಣ ಒಂದು ಸಣ್ಣ ಕೊರೆತ ಕೇಳಿಸಬಹುದು. ಅದು ಮುಂದೆ ಹೋದರೆ ಮುಗಿಯಿತು. ಬ್ರೇಕು, ಏರ್‌ಬ್ಯಾಗುಗಳ ಕಂಪ್ಯೂಟರ್‌ಗಳು ಇದಕ್ಕೆ ಬಗ್ಗುವುದಿಲ್ಲ. ಹೊರಗಿನ ರೇಡಿಯೊ ಅಲೆಗಳನ್ನು ತಡೆದುಕೊಳ್ಳುತ್ತವೆಯೇ ಅಂತ ನೋಡುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ವಾಹನವನ್ನು ಮೀಟರಿಗೆ 30 ವೋಲ್ಟಿನಷ್ಟು ಬಲದ ಕ್ಷೇತ್ರದಲ್ಲಿ ನಿಲ್ಲಿಸುತ್ತಾರೆ. ಪಕ್ಕದ ಕಾರಿನ ಗದ್ದಲ ಅದರ ಮುಂದೆ ಏನೇನೂ ಅಲ್ಲ.

ನಂಬಿಕೆ ಬರದಿದ್ದರೆ ನೀವೇ ನೋಡಬಹುದು. ಎಎಂ ಇರುವ ಪಾಕೆಟ್ ರೇಡಿಯೊ ತೆಗೆದುಕೊಳ್ಳಿ, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ. ಯಾರಾದರೂ ಎಲೆಕ್ಟ್ರಿಕ್ ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಲಿ. ರೇಡಿಯೊವನ್ನು ಮೋಟಾರಿನ ಹತ್ತಿರ ಹಿಡಿಯಿರಿ, ಆಮೇಲೆ ಹತ್ತು ಹೆಜ್ಜೆ ಹಿಂದೆ ಬನ್ನಿ. ನಂತರ ಅದೇ ರೇಡಿಯೊವನ್ನು ಒಂದು ಹಳೇ ಪೆಟ್ರೋಲ್ ಬೈಕಿನ ಹತ್ತಿರ ಹಿಡಿಯಿರಿ. ಎರಡನೆಯದು ಕೆಲವರಿಗೆ ಅಚ್ಚರಿ ತರಬಹುದು.

ಮೊದಲು ಗಲಾಟೆ ಮಾಡಿದ್ದು ಪೆಟ್ರೋಲ್ ಗಾಡಿ

ರೇಡಿಯೊ ಇತಿಹಾಸದಲ್ಲಿ ರಸ್ತೆಯ ಮೊದಲ ಪುಂಡ ಪೆಟ್ರೋಲ್ ಎಂಜಿನ್. ಸ್ಪಾರ್ಕ್ ಪ್ಲಗ್ಗಿನ ಒಂದೊಂದು ಕಿಡಿಯೂ ಒಂದೊಂದು ಪುಟ್ಟ ಮಿಂಚು. ಸಾವಿರಾರು ವೋಲ್ಟಿನ ಆ ಕಿಡಿಯ ಗದ್ದಲ ಮೀಡಿಯಂ ವೇವ್ ದಾಟಿ ಟಿವಿ ಅಲೆಗಳವರೆಗೂ ಹಬ್ಬುತ್ತಿತ್ತು. ಎಲೆಕ್ಟ್ರಿಕ್ ಕಾರಿನ ಇನ್ವರ್ಟರಿಗಿಂತ ಅದರ ಹರವು ದೊಡ್ಡದು.

ಈ ಬಗೆಯ ಗದ್ದಲಕ್ಕೆ ಮಿತಿ ಹಾಕಲು 1934ರಲ್ಲೇ ಸಿಐಎಸ್‌ಪಿಆರ್ ಅನ್ನುವ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. ಬ್ರಿಟನ್ನಿನಲ್ಲಿ ಮನೆಮನೆಗೆ ಟಿವಿ ಬರುತ್ತಿದ್ದ ಕಾಲಕ್ಕೆ ರಸ್ತೆಯಲ್ಲಿ ಹೋಗುವ ಕಾರುಗಳು ಪರದೆ ಮೇಲೆ ಚುಕ್ಕಿ ಸುರಿಸುತ್ತಿದ್ದವು. ಅಲ್ಲಿನ ಸರ್ಕಾರ 1952ರಲ್ಲಿ ನಿಯಮ ತಂದು ಇಗ್ನಿಷನ್ ವ್ಯವಸ್ಥೆಯ ಗದ್ದಲಕ್ಕೆ ಕಡಿವಾಣ ಹಾಕಿತು. ಕಂಪನಿಗಳು ಪ್ಲಗ್ಗಿನ ದಾರಿಯಲ್ಲಿ ಒಂದು ರೆಸಿಸ್ಟರ್ ಕೂರಿಸಿದವು. ಇವತ್ತು ನಿಮ್ಮ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಅದರ ನಂಬರಿನ ನಡುವೆ ‘ಆರ್’ ಅಕ್ಷರ ಇರುವ ಸಾಧ್ಯತೆ ಹೆಚ್ಚು. ಹಲವು ಬ್ರ್ಯಾಂಡುಗಳಲ್ಲಿ ಆ ‘ಆರ್’ ಅಂದರೆ ರೆಸಿಸ್ಟರ್.

ಆಗ ಯಾರೂ ‘ಪೆಟ್ರೋಲ್ ಕಾರು ಬೇಡ’ ಅನ್ನಲಿಲ್ಲ, ‘ಟಿವಿ ಬಿಟ್ಟುಬಿಡಿ’ ಅಂತಲೂ ಅನ್ನಲಿಲ್ಲ. ಗದ್ದಲ ಮಾಡುವವನೇ ಅದನ್ನು ತಡೆಯಬೇಕು ಅಂತ ನಿಯಮ ಮಾಡಿದರು. ಕಾರ್ಖಾನೆಯ ಹೊಗೆಗೂ ಚರಂಡಿ ನೀರಿಗೂ ನಾವು ಕೇಳುವ ನ್ಯಾಯ ಇದೇ ಅಲ್ವಾ? ರೇಡಿಯೊ ಗದ್ದಲ ಕಣ್ಣಿಗೆ ಕಾಣದ ಮಾಲಿನ್ಯ. ಲಾಭ ಕಂಪನಿಗೆ, ಕರಕರ ಊರಿಗೆ.

ಅಮೆರಿಕದಲ್ಲಿ ನಡೆದದ್ದು

ಈ ನ್ಯಾಯ ತಿರುಗುಮುರುಗಾದದ್ದು ಅಮೆರಿಕದಲ್ಲಿ. ಎಲೆಕ್ಟ್ರಿಕ್ ಕಾರಿನಲ್ಲಿ ಎಎಂ ಸರಿಯಾಗಿ ಕೇಳಿಸಲ್ಲ ಅಂತ ಕೆಲವು ಕಂಪನಿಗಳು ಗದ್ದಲ ತಡೆಯುವ ಬದಲು ಎಎಂ ರೇಡಿಯೊವನ್ನೇ ಕಿತ್ತುಹಾಕಿದವು. ಬಿಎಂಡಬ್ಲ್ಯೂ ಐ3 ಅಲ್ಲಿ 2014ರಲ್ಲಿ ಮಾರಾಟಕ್ಕೆ ಬಂದಾಗಲೇ ಎಎಂ ಇರಲಿಲ್ಲ. ಸೆನೆಟರ್ ಎಡ್ ಮಾರ್ಕಿ 2022ರ ಕೊನೆಗೆ 20 ಕಾರು ಕಂಪನಿಗಳಿಗೆ ಪತ್ರ ಬರೆದು ಕೇಳಿದಾಗ, ಎಂಟು ಕಂಪನಿಗಳು ಎಲೆಕ್ಟ್ರಿಕ್ ಮಾದರಿಗಳಿಂದ ಎಎಂ ತೆಗೆದದ್ದು ಬಯಲಾಯಿತು: ಬಿಎಂಡಬ್ಲ್ಯೂ, ಫೋರ್ಡ್, ಮಜ್ದಾ, ಪೋಲ್‌ಸ್ಟಾರ್, ರಿವಿಯನ್, ಟೆಸ್ಲಾ, ಫೋಕ್ಸ್‌ವ್ಯಾಗನ್, ವೋಲ್ವೊ.

ಉಳಿದವರ ಕಥೆ ಏನು? ಹುಂಡೈ, ಕಿಯಾ, ನಿಸ್ಸಾನ್, ಟೊಯೊಟಾ ಮುಂತಾದವರು ಎಎಂ ಉಳಿಸಿಕೊಂಡಿದ್ದರು. ಅವರ ಕಾರಿನಲ್ಲೂ ಇನ್ವರ್ಟರ್ ಇದೆ, ಮೋಟಾರಿದೆ. ಭೌತಶಾಸ್ತ್ರ ಎಲ್ಲರಿಗೂ ಒಂದೇ. ವ್ಯತ್ಯಾಸ ಇರುವುದು ತಂತಿಗೆ ಲೋಹದ ಜಾಲರಿ ಸುತ್ತುವುದರಲ್ಲಿ, ಫಿಲ್ಟರ್ ಮತ್ತು ಫೆರೈಟ್ ಹಾಕುವುದರಲ್ಲಿ, ಆಂಟೆನಾ ಜಾಗ ಆಯ್ಕೆ ಮಾಡುವುದರಲ್ಲಿ. ಇದಕ್ಕೆಲ್ಲ ತೂಕ ಇದೆ, ದುಡ್ಡು ಬೇಕು.

ಫೋರ್ಡ್ ವಿಷಯ ಇನ್ನೂ ಸ್ವಾರಸ್ಯಕರ. ಅದು 2024ರ ಪೆಟ್ರೋಲ್ ಮಸ್ಟಾಂಗ್ ಕಾರಿನಿಂದಲೂ ಎಎಂ ತೆಗೆಯಲು ಹೊರಟಿತ್ತು. ಪೆಟ್ರೋಲ್ ಕಾರಿನಲ್ಲಿ ಯಾವ ಇನ್ವರ್ಟರ್ ಗದ್ದಲ? ತನ್ನ ಇಂಟರ್ನೆಟ್ ಸಂಪರ್ಕದ ಕಾರುಗಳಿಂದ ಸಂಗ್ರಹಿಸಿದ ಮಾಹಿತಿ ಪ್ರಕಾರ ಎಎಂ ಕೇಳುವುದು ಶೇ. 5ಕ್ಕಿಂತ ಕಡಿಮೆ ಅಂತ ಕಂಪನಿ ಕಾರಣ ಕೊಟ್ಟಿತು. ನೀವು ಕಾರಿನಲ್ಲಿ ಏನು ಕೇಳ್ತೀರಿ ಅನ್ನುವುದನ್ನೂ ಕಾರು ಕೇಳಿಸಿಕೊಳ್ಳುತ್ತಿತ್ತು ಅನ್ನೋದು ಬೇರೆ ಕಥೆ. ವಿರೋಧ ಹೆಚ್ಚಾದ ಮೇಲೆ, 2023ರ ಮೇ ತಿಂಗಳಲ್ಲಿ, ಫೋರ್ಡ್ ಮುಖ್ಯಸ್ಥ ಜಿಮ್ ಫಾರ್ಲಿ ನಿರ್ಧಾರ ಹಿಂತೆಗೆದುಕೊಂಡರು. ಎಎಂ ಇಲ್ಲದೆ ಮಾರಾಟವಾಗಿದ್ದ ಎಲೆಕ್ಟ್ರಿಕ್ ಕಾರುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ವಾಪಸ್ ಕೊಡ್ತೀವಿ ಅಂದರು. ಸಾಫ್ಟ್‌ವೇರ್‌ನಿಂದ ವಾಪಸ್ ಬರುವಂಥದ್ದನ್ನು ‘ತಾಂತ್ರಿಕವಾಗಿ ಸಾಧ್ಯವೇ ಇಲ್ಲ’ ಅನ್ನೋದು ಹೇಗೆ?

ಅದೇ ತಿಂಗಳು ಪ್ರತಿ ಹೊಸ ವಾಹನದಲ್ಲೂ ಎಎಂ ಕಡ್ಡಾಯ ಮಾಡುವ ಮಸೂದೆ ಅಲ್ಲಿನ ಸಂಸತ್ತಿಗೆ ಬಂತು. ಮಂಡಿಸಿದವರು ಡೆಮಾಕ್ರಟ್ ಮಾರ್ಕಿ ಮತ್ತು ರಿಪಬ್ಲಿಕನ್ ಟೆಡ್ ಕ್ರೂಜ್. ಬೇರೆ ಯಾವುದರಲ್ಲೂ ಒಂದಾಗದ ಇಬ್ಬರು. ಬಲಪಂಥೀಯ ಟಾಕ್ ಶೋಗಳ ಬೇರು ಎಎಂನಲ್ಲಿದೆ. ವಲಸಿಗರ ಭಾಷೆಗಳ ಎಷ್ಟೋ ಸ್ಟೇಷನ್‌ಗಳೂ, ರೈತರ ಮಾರುಕಟ್ಟೆ ಸುದ್ದಿಯೂ ಅಲ್ಲೇ ಇವೆ. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಏಳು ಮಂದಿ ಮಾಜಿ ಮುಖ್ಯಸ್ಥರು, ಚಂಡಮಾರುತ ಬಂದು ಮೊಬೈಲ್ ಸತ್ತಾಗ ಜನರಿಗೆ ಸುದ್ದಿ ಮುಟ್ಟಿಸುವ ಕೊನೆಯ ದಾರಿ ಎಎಂ ಅಂತ ಸರ್ಕಾರಕ್ಕೆ ಬರೆದರು. ಆ ಡಿಸೆಂಬರಿನಲ್ಲಿ ಮಸೂದೆಗೆ ಸೆನೆಟಿನಲ್ಲಿ ತಕ್ಷಣ ಒಪ್ಪಿಗೆ ಪಡೆಯಲು ಹೋದಾಗ ಅಡ್ಡ ನಿಂತವರು ರ್‍ಯಾಂಡ್ ಪಾಲ್. ಎಎಂ ಕಡ್ಡಾಯ ಮಾಡುವುದಾದರೆ ಎಲೆಕ್ಟ್ರಿಕ್ ಕಾರಿನ ತೆರಿಗೆ ರಿಯಾಯಿತಿ ತೆಗೆಯಿರಿ ಅನ್ನುವುದು ಅವರ ಷರತ್ತು. ಸರ್ಕಾರ ಕಂಪನಿಗೆ ದುಡ್ಡು ಕೊಡುವಾಗ ಷರತ್ತು ಹಾಕಬಹುದಾ ಅನ್ನುವ ಪ್ರಶ್ನೆ ಅಲ್ಲಿಯೂ ಹೀಗೆ ಅಡ್ಡದಾರಿಯಲ್ಲಿ ಎದ್ದು ಬಂತು.

ನಮ್ಮ ನಿಯಮದಲ್ಲಿ ಒಂದು ಕಿಂಡಿ

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ವಾಹನಗಳ ರೇಡಿಯೊ ಗದ್ದಲಕ್ಕೆ ಇರುವ ಮಾನದಂಡ ಎಐಎಸ್-004 ಭಾಗ 3. ವಿಶ್ವಸಂಸ್ಥೆಯ ನಿಯಮ 10ರ ದಾರಿಯಲ್ಲೇ ಇದೂ ಇದೆ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಪರೀಕ್ಷೆ ಮಾಡುತ್ತವೆ. ವಾಹನದಿಂದ ಗಾಳಿಗೆ ಹೊರಬೀಳುವ ಗದ್ದಲವನ್ನು 10 ಅಥವಾ 3 ಮೀಟರ್ ದೂರದಲ್ಲಿ ಆಂಟೆನಾ ಇಟ್ಟು ಅಳೆಯುತ್ತಾರೆ. ಅಳೆಯುವ ವ್ಯಾಪ್ತಿ 30ರಿಂದ 1000 ಮೆಗಾಹರ್ಟ್ಸ್.

ಎಫ್‌ಎಂ, ರಿಮೋಟ್ ಕೀ, ಫಾಸ್ಟ್ಯಾಗ್ ಈ ವ್ಯಾಪ್ತಿಯೊಳಗೆ ಬರುತ್ತವೆ. ಅವಕ್ಕೆ ರಕ್ಷಣೆ ಇದೆ. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765, ಕಲಬುರಗಿಯ 1107 ಕಿಲೋಹರ್ಟ್ಸ್ ಇರುವುದು ಈ ಗೆರೆಯ ಎಷ್ಟೋ ಕೆಳಗೆ. ಚಾರ್ಜಿಗೆ ಹಾಕಿದಾಗ ಕರೆಂಟ್ ಲೈನಿಗೆ ಬಿಡುವ ಗದ್ದಲಕ್ಕೆ 150 ಕಿಲೋಹರ್ಟ್ಸ್‌ನಿಂದ ಮಿತಿ ಇದೆ, ಸರಿ. ಆದರೆ ರಸ್ತೆಯಲ್ಲಿ ಓಡುವಾಗ ಮೀಡಿಯಂ ವೇವಿಗೆ ಬೀಳುವ ಪೆಟ್ಟು ಈ ಅಳತೆಗೆ ಸಿಗುವುದೇ ಇಲ್ಲ. ಸ್ಪಾರ್ಕ್ ಪ್ಲಗ್ಗಿನ ಕಾಲಕ್ಕೆ ಹೊಲಿದ ಅಂಗಿಯನ್ನು ಇನ್ವರ್ಟರಿಗೆ ತೊಡಿಸಿದ ಹಾಗೆ.

ಈ ಕಿಂಡಿ ಮುಚ್ಚುವುದು ಹೇಗೆ ಅಂತ ಯಾರೂ ಹೊಸದಾಗಿ ಸಂಶೋಧನೆ ಮಾಡಬೇಕಿಲ್ಲ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ವಾಹನಗಳಿಗೆಂದೇ 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಅಳೆಯುವ ಸಿಐಎಸ್‌ಪಿಆರ್ 36 ಮಾನದಂಡ 2020ರಲ್ಲೇ ಪ್ರಕಟವಾಗಿದೆ. ಜಗತ್ತಿನ ಅತಿ ದೊಡ್ಡ ಎಲೆಕ್ಟ್ರಿಕ್ ಕಾರು ಮಾರುಕಟ್ಟೆಯಾದ ಚೀನಾಕ್ಕೆ ಇದೇ ವ್ಯಾಪ್ತಿಯ ಸ್ವಂತ ಮಾನದಂಡ ಅದಕ್ಕೂ ಮೊದಲಿನಿಂದ ಇದೆ.

ಮುಂದೆ ಬರುವ ಒಂದು ತಂತ್ರಜ್ಞಾನದ ಕಡೆಗೂ ಗಮನ ಇರಲಿ. ತಂತಿ ಇಲ್ಲದೆ, ನೆಲದ ಪ್ಯಾಡ್ ಮೇಲೆ ಕಾರು ನಿಲ್ಲಿಸಿ ಚಾರ್ಜ್ ಮಾಡುವ ವ್ಯವಸ್ಥೆಗೆ ಜಾಗತಿಕವಾಗಿ ಒಪ್ಪಿದ ಕಂಪನ ಸುಮಾರು 85 ಕಿಲೋಹರ್ಟ್ಸ್. ಅದರ ಒಂಬತ್ತನೇ ಗುಣಕ ಎಷ್ಟು ಗೊತ್ತಾ? 765. ಧಾರವಾಡ ಆಕಾಶವಾಣಿ. ಒಳ್ಳೆಯ ವಿನ್ಯಾಸದಲ್ಲಿ ಆ ಗುಣಕ ತೀರ ಕ್ಷೀಣವಾಗಿರುತ್ತೆ. ಕೆಟ್ಟ ವಿನ್ಯಾಸವನ್ನು ತಡೆಯುವುದು ನಿಯಮದ ಕೆಲಸ. ಅಲ್ಲದೆ ಚಾರ್ಜಿಂಗ್ ಅಂದರೆ ಸಿಗ್ನಲ್ಲಿನಲ್ಲಿ ಅರ್ಧ ನಿಮಿಷ ನಿಂತು ಹೋಗುವ ಕಾರಲ್ಲ. ರಾತ್ರಿಯಿಡೀ ಅಕ್ಕಪಕ್ಕದ ಮನೆಗೆ ಕೇಳಿಸುವ ಗದ್ದಲ.

‘ಮೀಡಿಯಂ ವೇವ್ ಯಾರು ಕೇಳ್ತಾರೆ?’

ಈ ಪ್ರಶ್ನೆ ನನ್ನ ವಯಸ್ಸಿನವರೇ ಜಾಸ್ತಿ ಕೇಳೋದು. ನಾವು ಬೆಂಗಳೂರಿನ ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವ ಪ್ರಶ್ನೆ ಅದು. ಎಫ್‌ಎಂ ಅಲೆ ಗುಡ್ಡ ಅಡ್ಡ ಬಂದರೆ ನಿಂತುಹೋಗುತ್ತೆ, ದೊಡ್ಡ ಟ್ರಾನ್ಸ್‌ಮಿಟರ್ ಇದ್ದರೂ ನೂರು ಕಿಲೋಮೀಟರ್ ಆಸುಪಾಸಿಗೆ ಸೋಲುತ್ತೆ. ಮೀಡಿಯಂ ವೇವ್ ನೆಲವನ್ನು ತಬ್ಬಿಕೊಂಡು ನೂರಾರು ಕಿಲೋಮೀಟರ್ ಹೋಗುತ್ತೆ, ಮಲೆನಾಡಿನ ಕಣಿವೆಗೂ ಇಳಿಯುತ್ತೆ, ಸಮುದ್ರಕ್ಕೂ ಹೋಗುತ್ತೆ. ಡೇಟಾ ಪ್ಯಾಕ್ ಬೇಡ, ಲಾಗಿನ್ ಬೇಡ. ನೀವು ಏನು ಕೇಳಿದಿರಿ ಅಂತ ಯಾರಿಗೂ ಗೊತ್ತಾಗಲ್ಲ. ಭೂಕುಸಿತದಲ್ಲಿ ಟವರಿಗೆ ಕರೆಂಟ್ ಹೋದ ರಾತ್ರಿ, ಎರಡು ಸೆಲ್ಲಿನ ರೇಡಿಯೊಗೆ ದಕ್ಕುವುದು ಸ್ಮಾರ್ಟ್‌ಫೋನಿಗೆ ದಕ್ಕಲ್ಲ.

ಆಕಾಶವಾಣಿ ಸರ್ಕಾರದ ತುತ್ತೂರಿ, ಅದಕ್ಕಾಗಿ ನಾವ್ಯಾಕೆ ಹೋರಾಡಬೇಕು ಅನ್ನುವ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿದೆ. ಖಾಸಗಿ ಎಫ್‌ಎಂಗಳಿಗೆ ಇವತ್ತಿಗೂ ಸ್ವಂತ ಸುದ್ದಿ ಪ್ರಸಾರ ಮಾಡುವ ಹಕ್ಕಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಮರುಪ್ರಸಾರ ಮಾಡಬೇಕು. ಅದನ್ನು ಖಂಡಿತ ಪ್ರಶ್ನಿಸೋಣ. ಆದರೆ ಮೈಕ್ ಯಾರ ಕೈಯಲ್ಲಿದೆ ಅನ್ನುವ ಜಗಳ ನಡೆಯಬೇಕಾದರೆ ಮೊದಲು ವೇದಿಕೆ ಉಳಿದಿರಬೇಕು. ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರ ಕ್ರಿಕೆಟ್ ಪ್ರಸಾರದ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅವು ಸರ್ಕಾರದ ಸ್ವತ್ತಲ್ಲ, ಕಂಪನಿಯ ಸ್ವತ್ತೂ ಅಲ್ಲ. ಊರ ಕೆರೆಗೆ ಕಸ ಸುರಿದು ‘ಈ ಕೆರೆ ನೀರು ಈಗ ಯಾರು ಕುಡೀತಾರೆ?’ ಅಂತ ಕೇಳಿದರೆ ನಾವು ಒಪ್ಪುತ್ತೇವಾ?

ಕಸ ಹೆಚ್ಚಾದಷ್ಟೂ ಕೇಳುವವರು ಕಡಿಮೆಯಾಗುತ್ತಾರೆ. ಕೇಳುವವರು ಕಡಿಮೆ ಅಂತ ಕಾರಿನಿಂದ ರೇಡಿಯೊ ಹೋಗುತ್ತೆ. ಕಾರಿನಲ್ಲಿ ಇಲ್ಲ ಅಂತ ಟ್ರಾನ್ಸ್‌ಮಿಟರ್ ಮುಚ್ಚುತ್ತೆ. ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯನ್ನು ತೋರಿಸಿ ‘ನಾನೇನು ಮಾಡಲಿ’ ಅನ್ನುತ್ತೆ.

ಕೇಳಬೇಕಾದದ್ದು ಏನು?

ಎಲೆಕ್ಟ್ರಿಕ್ ವಾಹನ ಬೇಕು ಅನ್ನುವವನು ನಾನು. ನಗರದ ಹೊಗೆ ಕಡಿಮೆಯಾಗಬೇಕು, ಡೀಸೆಲ್ ಬಸ್ಸುಗಳ ಜಾಗಕ್ಕೆ ಎಲೆಕ್ಟ್ರಿಕ್ ಬಸ್ಸು ಬರಬೇಕು. ಅದಕ್ಕೇ ಈ ಪ್ರಶ್ನೆಯನ್ನು ವಾಟ್ಸಾಪ್ ವದಂತಿಗಳ ಕೈಗೆ ಬಿಟ್ಟುಕೊಡಬಾರದು ಅನ್ನಿಸುತ್ತೆ. ‘ಏನೂ ತೊಂದರೆ ಇಲ್ಲ’ ಅಂದರೆ ಸುಳ್ಳಾಗುತ್ತೆ, ‘ಪಕ್ಕದ ಕಾರಿನ ಬ್ರೇಕ್ ಫೇಲ್ ಆಗುತ್ತೆ’ ಅಂದರೂ ಸುಳ್ಳಾಗುತ್ತೆ.

ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಗೆ 2024ರಲ್ಲಿ ಇಟ್ಟ ಹಣ 10,900 ಕೋಟಿ ರೂಪಾಯಿ. ಇದು ನಮ್ಮ ತೆರಿಗೆ ದುಡ್ಡು. ದುಡ್ಡು ಕೊಡುವಾಗ ಎರಡು ಷರತ್ತು ಹಾಕುವುದು ಕಷ್ಟವಲ್ಲ. ಒಂದು, ಹೊಸ ಎಲೆಕ್ಟ್ರಿಕ್ ವಾಹನಗಳು 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗಿನ ಪರೀಕ್ಷೆಯನ್ನೂ ಪಾಸಾಗಬೇಕು. ಎರಡು, ರೇಡಿಯೊ ಇರುವ ಕಾರಿನಲ್ಲಿ ಮೀಡಿಯಂ ವೇವ್ ಕೂಡ ಇರಬೇಕು. ಕಂಪನಿಗಳು ಖರ್ಚು ಹೆಚ್ಚಾಗುತ್ತೆ ಅಂತ ಹೇಳುತ್ತವೆ. ಸ್ಪಾರ್ಕ್ ಪ್ಲಗ್ಗಿಗೆ ರೆಸಿಸ್ಟರ್ ಕೂರಿಸುವಾಗಲೂ ಖರ್ಚು ಇತ್ತು. ಆದರೂ ಇವತ್ತು ಆ ‘ಆರ್’ ಅಕ್ಷರದ ಬಗ್ಗೆ ತಕರಾರು ಎತ್ತುವ ಒಬ್ಬ ಮೆಕ್ಯಾನಿಕ್ಕೂ ನನಗೆ ಸಿಕ್ಕಿಲ್ಲ.